ಟೀಚರ್ ಕಲಿಸಿದ ಉತ್ತರ

ಮೆಲ್ಕಾರ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೀಚರಿಗೆ ನಿವೃತ್ತಿಯಾದ ಮೇಲೂ ಪಾಠ ಒಪ್ಪಿಸಿಕೊಳ್ಳುವ ಚಾಳಿ ಹೋಗಿರಲಿಲ್ಲ. ಏನು ಕೇಳಿದರೂ ಬರೀ ತಲೆಯಾಡಿಸಿದರೆ ಸಾಲದು, "ಬಾಯಿ ಬಿಟ್ಟು ಹೇಳು ಮಾರಾಯ್ತಿ" ಎನ್ನುವರು.

ತಮಗೆ ಮಾತು ನಿಂತರೆ ಚಿಕಿತ್ಸೆಯ ವಿಷಯದಲ್ಲಿ ತಮ್ಮ ಪರವಾಗಿ ಹೇಳಬೇಕಾದವಳು ನಾನು ಎಂದು ನೋಟರಿಯ ಎದುರು ಬರೆಸಿ ಬಂದ ಸಂಜೆ, ಅವರು ಅಡುಗೆಮನೆಯಲ್ಲೇ ಕನ್ನಡಕ ಏರಿಸಿ ಡಾಕ್ಟರಾದರು.

"ಇನ್ನು ಗುಣ ಆಗ್ಲಿಕ್ಕಿಲ್ಲ. ಉಸಿರಾಟಕ್ಕೆ ಪೈಪ್ ಹಾಕುವುದಾ?" ಎಂದು ಗದರಿಸಿದರು.

ನಾನು ತಲೆ ಅಲ್ಲಾಡಿಸಿದೆ.

"ಬಾಯಿ ಬಿಟ್ಟು ಹೇಳು."

"ನನ್ನಿಂದ ಆಗುದಿಲ್ಲ ಟೀಚರ್."

ಅವರು ಕನ್ನಡಕ ತೆಗೆದರು. "ನನ್ನ ಅಕ್ಕನಿಗೆ ಕಡೇ ಗಳಿಗೆಯಲ್ಲಿ ಬಾಯಿಗೆ ನೀರು ಬಿಡ್ಲಿಕ್ಕೂ ಆಗಲಿಲ್ಲ. ಬಾಯಲ್ಲಿ ಪೈಪ್ ಇತ್ತು. ತುಳಸಿ ನೀರಿನ ಬಾಟ್ಲಿ ಹಾಗೇ ಮನೆಗೆ ವಾಪಸ್ ತಂದೆ."

ಆಮೇಲೆ ನಾನು ಬಟ್ಟೆ ಒಣಹಾಕುವಾಗಲೂ ಬೇಲಿಯಾಚೆಯಿಂದ ಅದೇ ಗದರಿಕೆ, ಅದೇ ಪ್ರಶ್ನೆ. "ಬೇಡ" ಎನ್ನಲು ಹೇಗೋ ಕಲಿತೆ. ಆದರೆ ಅವರ ಮನೆಯಲ್ಲಿ ಕೆಮ್ಮು ಕೇಳಿದರೂ ನಾನು ಬೇಲಿಯ ಹತ್ತಿರ ಓಡುತ್ತಿದ್ದೆ.

ಟೀಚರಿಗೆ ಮಾತು ನಿಂತು ಆಸ್ಪತ್ರೆ ಸೇರಿದ ದಿನ ಡಾಕ್ಟರ್ ಗದರಿಸಲಿಲ್ಲ. ಚಿಕ್ಕ ಪ್ರಾಯದವರು, ನನ್ನ ಪಕ್ಕ ಕುಳಿತು ಮೆಲ್ಲಗೆ ಹೇಳಿದರು: "ಗುಣ ಆಗ್ಲಿಕ್ಕಿಲ್ಲ ಅಮ್ಮ. ಪೈಪ್ ಹಾಕಿದ್ರೆ ಸ್ವಲ್ಪ ದಿನ ಸಿಗಬಹುದು. ಹಾಕುವುದಾ?"

ಇಷ್ಟು ಮೆತ್ತಗೆ ಕೇಳುವ ಡಾಕ್ಟರಿಗೆ ಉತ್ತರ ಹೇಳುವುದನ್ನು ಟೀಚರ್ ಅಭ್ಯಾಸ ಮಾಡಿಸಿರಲಿಲ್ಲ. ತಲೆ ಅಲ್ಲಾಡಿಸಿದೆ. ಅವರು ಕಾಯುತ್ತಲೇ ಇದ್ದರು.

"ಬೇಡ" ಎಂದೆ.

ಚಮಚದಲ್ಲಿ ಬಿಟ್ಟ ತುಳಸಿ ನೀರನ್ನು ಟೀಚರ್ ಗುಟುಕರಿಸಿದರು. ನನ್ನ ಉತ್ತರ ಸರಿಯೋ ತಪ್ಪೋ, ಅದೊಂದನ್ನು ಅವರು ಬಾಯಿ ಬಿಟ್ಟು ಹೇಳಲಿಲ್ಲ.