ಬೇಡ ಎಂದು ಬಂದ ಕುರ್ಚಿ

ನಮ್ಮ ಕಡೆ ಚುನಾವಣೆ ಕೆಲಸವೆಂದರೆ ಹೇಗಾದರೂ ತಪ್ಪಿಸಿಕೊಳ್ಳಬೇಕಾದ ಕೆಲಸ. ಮೈಸೂರಿನಲ್ಲಿ ಹೈಸ್ಕೂಲು ಮೇಷ್ಟರಾಗಿದ್ದ ನನ್ನ ಅಪ್ಪನಿಗೆ ಪ್ರತಿ ಚುನಾವಣೆಗೂ ಸರಿಯಾಗಿ ಸೊಂಟ ಹಿಡಿದುಕೊಳ್ಳುತ್ತಿತ್ತು. ಫಲಿತಾಂಶ ಬಂದ ಮೇಲೆ ತಾನಾಗಿಯೇ ಬಿಡುತ್ತಿತ್ತು. ಹಾಗಾಗಿ ನಾನು ಲಂಡನ್ನಿನಿಂದ ಫೋನು ಮಾಡಿ, ಮತಗಟ್ಟೆಯಲ್ಲಿ ಕೂರುವ ಕೆಲಸವನ್ನು ಕೇಳಿ ಪಡೆದಿದ್ದೇನೆ ಎಂದಾಗ ಅವರಿಗೆ ನಂಬಿಕೆಯೇ ಬರಲಿಲ್ಲ.

"ಅಲ್ಲಿ ಯಾರ ಜೊತೆನಾದ್ರೂ ಜಗಳ ಮಾಡ್ಕೊಂಡ್ಯೇನಮ್ಮಾ?" ಎಂದರು.

ತೊಂಬತ್ತರ ದಶಕದ ಶುರು. ಧಾರವಾಡದ ಡಾಕ್ಟರನ್ನು ಮದುವೆಯಾಗಿ ಲಂಡನ್ನಿನ ಹೇಸ್‌ನ ಬಾಡಿಗೆ ಮನೆಗೆ ಬಂದಿದ್ದೆ. ಅವರು ಆಸ್ಪತ್ರೆಗೆ ಹೋದರೆ ಮನೆಯಲ್ಲಿ ನಾನು ಮತ್ತು ಹೀಟರು. ಮತದಾನದ ದಿನಕ್ಕೆ ಜನ ಬೇಕು ಎಂದು ಅಲ್ಲಿನ ನಗರಸಭೆಯಾದ ಕೌನ್ಸಿಲ್‌ನವರು ಲೈಬ್ರರಿಯಲ್ಲಿ ಹಾಕಿದ್ದ ನೋಟೀಸು ನೋಡಿ ಹೋದೆ. ಪ್ರೈಮರಿ ಶಾಲೆಯ ಹಾಲಿನಲ್ಲಿ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕೂರಿಸಿದರು. ಲಾಠಿ ಹಿಡಿದವರಿಲ್ಲ, ನೂಕುನುಗ್ಗಲಿಲ್ಲ. ಹೆಸರು, ವಿಳಾಸ ಹೇಳಿದರೆ ಸಾಕು, ಮತಪತ್ರ ಕೊಡಬೇಕು. ದಾರ ಕಟ್ಟಿದ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಜೊತೆಗೆ ತಂದ ನಾಯಿಯನ್ನು ಎಳೆದುಕೊಂಡು ಜನ ಮನೆಗೆ ಹೋಗುತ್ತಿದ್ದರು.

ಕಾಮನ್‌ವೆಲ್ತ್ ದೇಶದವರೆಂದು ನಮ್ಮವರಿಗೂ ಅಲ್ಲಿ ವೋಟಿತ್ತು. ಬೆಂಗಳೂರಿನ ಹಿರಿಯರೊಬ್ಬರು ವೋಟು ಹಾಕಿ ಬಂದು, ಎಡಗೈ ತೋರುಬೆರಳು ಚಾಚಿಕೊಂಡು ನನ್ನ ಮುಂದೆ ನಿಂತರು. ಇಲ್ಲಿ ಶಾಯಿ ಹಚ್ಚುವುದಿಲ್ಲ ಎಂದೆ.

"ಮತ್ತೆ ನಾನು ಹಾಕಿದ್ದು ನಾಲ್ಕು ಜನಕ್ಕೆ ಗೊತ್ತಾಗೋದು ಹೇಗಮ್ಮಾ?" ಎಂದು ಬೇಸರ ಮಾಡಿಕೊಂಡು ಹೋದರು.

ಆ ಕೆಲಸ ನನಗೆ ತುಂಬಾ ಇಷ್ಟವಾಯಿತು. ಪೆಟ್ಟಿಗೆಗೆ ಮುದ್ರೆ ಹಾಕುವಾಗ ಏನೋ ಒಂದು ಗಾಂಭೀರ್ಯ ಬಂದು ಬೆನ್ನು ನೆಟ್ಟಗಾಗುತ್ತಿತ್ತು. ಮುಂದಿನ ಚುನಾವಣೆಗಳಲ್ಲಿ ಮತಗಟ್ಟೆಯ ಅಧಿಕಾರಿಯಾದೆ, ಆಮೇಲೆ ಕೌನ್ಸಿಲ್‌ನ ಚುನಾವಣಾ ಕಚೇರಿಯಲ್ಲೇ ಕಾಯಂ ಆದೆ. ಹೊಸ ಶತಮಾನ ಬರುವ ಹೊತ್ತಿಗೆ ಆ ಕಚೇರಿಯಲ್ಲಿ ನನ್ನ ಮೇಲಿದ್ದವರು ಒಬ್ಬರೇ, ನಮ್ಮ ಮುಖ್ಯಸ್ಥರು. ಉದ್ದನೆಯ, ಮಿತಭಾಷಿ ಇಂಗ್ಲಿಷ್ ಮನುಷ್ಯ.

ಇಲ್ಲಿ ನಮ್ಮವರ ಒಂದು ಪದ್ಧತಿಯನ್ನು ಹೇಳಬೇಕು. ಲಂಡನ್ನಿನ ಸ್ಟ್ಯಾನ್ಮೋರ್‌ನ ಡಾಕ್ಟರೊಬ್ಬರ ದೊಡ್ಡ ಮನೆಯಲ್ಲಿ ಕನ್ನಡ ಸಂಘದ ಅಧ್ಯಕ್ಷರ ಆಯ್ಕೆ ನಡೆಯುತ್ತಿತ್ತು. ಚುನಾವಣೆ ಮಾಡುವವಳು ಎಂದು ನನ್ನನ್ನು ನಡುವೆ ಕೂರಿಸುತ್ತಿದ್ದರು, ಆದರೆ ಚುನಾವಣೆ ಒಮ್ಮೆಯೂ ನಡೆಯಲಿಲ್ಲ. ಯಾರೋ ಒಬ್ಬರ ಹೆಸರು ಹೇಳುವುದು. ಅವರು "ಅಯ್ಯೋ ನನ್ನ ಬಿಟ್ಬಿಡಿ, ಡ್ಯೂಟಿ ಜಾಸ್ತಿ, ಬೇರೆ ಯಾರನ್ನಾದ್ರೂ ಮಾಡಿ" ಎನ್ನುವುದು. ಎಲ್ಲರೂ ಇನ್ನೊಮ್ಮೆ ಒತ್ತಾಯ ಮಾಡುವುದು, ಅವರು ಇನ್ನೊಮ್ಮೆ ಕೈಮುಗಿಯುವುದು. ಮತ್ತೂ ಒತ್ತಾಯ ಮಾಡಿದ ಮೇಲೆ, ನಿಮ್ಮ ಮಾತು ಮೀರಲಾರೆ ಎಂದು ಎದ್ದು, ಕೋಟಿನ ಜೇಬಿನಿಂದ ಬರೆದುಕೊಂಡು ಬಂದಿದ್ದ ಭಾಷಣ ತೆಗೆಯುವುದು. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣುತ್ತಿರಲಿಲ್ಲ. ಕೇಳಿದ ಕೂಡಲೇ ಹೂಂ ಅಂದುಬಿಟ್ಟರೆ ಮರ್ಯಾದೆ ಉಳಿಯುತ್ತದೆಯೇ?

ಇನ್ನೂ ಕೆಲವು ವರ್ಷಗಳಾದ ಮೇಲೆ ಒಂದು ಸಂಜೆ ನಮ್ಮ ಮುಖ್ಯಸ್ಥರು ನನ್ನ ಮೇಜಿನ ಹತ್ತಿರ ಬಂದು ನಿಂತರು. "ಈ ವರ್ಷ ನಾನು ನಿವೃತ್ತನಾಗುತ್ತೇನೆ. ಈ ಕೆಲಸ ನಿಮ್ಮಷ್ಟು ಇಲ್ಲಿ ಯಾರಿಗೂ ಗೊತ್ತಿಲ್ಲ. ನನ್ನ ಜಾಗಕ್ಕೆ ನೀವು ಅರ್ಜಿ ಹಾಕಬೇಕು ಎಂದು ನನ್ನ ಆಸೆ. ಇಷ್ಟವಿದೆಯೇ?" ಎಂದರು.

ಮನಸ್ಸು ಆಗಲೇ ಹೂಂ ಎಂದಿತ್ತು. ಬಾಯಿ ಮಾತ್ರ ತನ್ನ ಪಾಡಿಗೆ ತಾನು ಮಾತಾಡಿತು. "ಅಯ್ಯೋ, ನಾನೆಲ್ಲಿ, ಆ ಜಾಗ ಎಲ್ಲಿ. ನನಗಿಂತ ಅನುಭವಸ್ಥರು ಎಷ್ಟೋ ಜನ ಇದ್ದಾರೆ, ಅವರನ್ನು ನೋಡಿ" ಎಂದೆ.

ನಮ್ಮವರು ಯಾರೇ ಆಗಿದ್ದರೂ ಇದನ್ನು ಒಪ್ಪಿಗೆಯೆಂದೇ ತಿಳಿಯುತ್ತಿದ್ದರು. ಮುಖ್ಯಸ್ಥರು ತಲೆಯಾಡಿಸಿ, "ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್" ಎಂದು ಕೋಟು ಹಾಕಿಕೊಂಡು ಮನೆಗೆ ಹೋದರು.

ನಾನು ಮನೆಗೆ ಬಂದು, ಕೆಲಸ ಹೆಚ್ಚುಕಡಿಮೆ ಸಿಕ್ಕಿದ ಹಾಗೆಯೇ ಎಂದೆ. ಗಂಡ ಊರಿನಿಂದ ಬಂದಿದ್ದ ಪೇಡೆಯ ಡಬ್ಬಿ ತೆಗೆದರು. ಎಲ್ಲವನ್ನೂ ಕೇಳಿದ, ಅಲ್ಲೇ ಹುಟ್ಟಿ ಬೆಳೆದ ಮಗಳು, "ಸೋ ಯು ಸೆಡ್ ನೋ?" ಎಂದಳು. ನಿನಗೆ ಇದೆಲ್ಲ ಅರ್ಥವಾಗುವುದಿಲ್ಲ, ಸುಮ್ಮನಿರು ಎಂದೆ.

ಇನ್ನೊಮ್ಮೆ ಕೇಳುತ್ತಾರೆಂದು ಕಾದೆ. ಅವರು ಟೀ ಮಾಡಿಕೊಳ್ಳುವ ಹೊತ್ತಿಗೆ ಸರಿಯಾಗಿ ನಾನೂ ಕೆಟಲ್ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಅವರು ಮಳೆ ಬರಬಹುದು ಎನ್ನುತ್ತಿದ್ದರು. ಬೇಕಿಲ್ಲದ ಫೈಲು ಹಿಡಿದುಕೊಂಡು ಅವರ ಕೋಣೆಗೆ ಹೋದೆ. ಅವರು ಫೈಲು ಇಸಿದುಕೊಂಡು ಇಟ್ಟುಕೊಂಡರು. ಹೀಗೇ ವಾರಗಳು ಕಳೆದವು, ಆಮೇಲೆ ಆ ಕೆಲಸದ ಜಾಹೀರಾತು ಬೋರ್ಡಿಗೆ ಬಂತು. ಹೌಸಿಂಗ್ ವಿಭಾಗದ ಒಬ್ಬ ಯುವಕ ಹೊಸ ಟೈ ಕಟ್ಟಿಕೊಂಡು ಓಡಾಡತೊಡಗಿದ. ಅವನೇ ಒಂದು ದಿನ ನನ್ನ ಹತ್ತಿರ ಬಂದು, ನಿಮಗೆ ಆಸಕ್ತಿ ಇಲ್ಲವಂತೆ, ಮುಖ್ಯಸ್ಥರೇ ಹೇಳಿದರು, ಅದಕ್ಕೇ ಧೈರ್ಯ ಮಾಡಿ ಅರ್ಜಿ ಹಾಕಿದೆ ಎಂದು ನನಗೆ ಕೃತಜ್ಞತೆ ಹೇಳಿದ.

ಆ ಸಂಜೆ ಊಟಕ್ಕೆ ಕೂತಾಗ ಅಳು ಬಂತು. ಗಂಡ ತಟ್ಟೆ ಸರಿಸಿ ನನ್ನ ಕಡೆ ತಿರುಗಿದರು.

"ಅವ್ರು ಕೇಳಿದಾಗ ಬ್ಯಾಡ ಅಂದಿ. ಈಗ ಅಳಕೋತ ಕುಂತಿ. ನಿನಗ ಆ ಕೆಲಸ ಬೇಕೋ ಬ್ಯಾಡೋ, ಅದನ್ನರ ಹೇಳು."

"ಸಿಕ್ಕಿದ್ರೆ ಮಾಡ್ತಿದ್ದೆ ಅಷ್ಟೇರೀ. ನಾನೇನು ಆಸೆ ಪಟ್ಟಿರಲಿಲ್ಲ."

"ನಾ ಕೇಳಿದ್ದು ಅದಲ್ಲ" ಎಂದು, ಸಾಕು ಎಂದು ಕೈ ಅಡ್ಡ ಹಿಡಿದಿದ್ದರೂ ನನ್ನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದರು. ಧಾರವಾಡದವರಿಗೆ ಬೇಡ ಎನ್ನುವುದು ಕಿವಿಗೇ ಬೀಳುವುದಿಲ್ಲ. ಇಂಥವರೊಬ್ಬರು ನಮ್ಮ ಆಫೀಸಿಗೆ ಮುಖ್ಯಸ್ಥರಾಗಿ ಇರಬಾರದಿತ್ತೇ ಎನ್ನಿಸಿತು.

ಅರ್ಜಿ ಹಾಕಲು ಕೊನೆಯ ದಿನ. ಬೆಳಿಗ್ಗೆಯೇ ಮುಖ್ಯಸ್ಥರ ಕೋಣೆಯ ಬಾಗಿಲು ತಟ್ಟಿದೆ. ಅವರು ಕೂತುಕೊಳ್ಳಿ ಎಂದರು. ಪರವಾಗಿಲ್ಲ ಎಂದೆ. ಅವರು ಸರಿ ಎಂದು ನನ್ನನ್ನು ನಿಲ್ಲಿಸಿಯೇ ಮಾತಾಡಿಸಿದರು. ಇದಕ್ಕೇ ನೋಡಿ ನನಗೆ ರೇಗಿಹೋಯಿತು. ನಮ್ಮ ದೇಶದಲ್ಲಿ ಒಂದು ಲೋಟ ಕಾಫಿ ಕೊಡುವುದಾದರೂ ಎರಡು ಮೂರು ಸಲ ಕೇಳುತ್ತಾರೆ, ನೀವು ಇಷ್ಟು ದೊಡ್ಡ ವಿಷಯವನ್ನು ಒಂದೇ ಸಲ ಕೇಳಿ ಹೋಗಿಬಿಟ್ಟಿರಿ, ನಾನು ಬೇಡ ಎಂದಿದ್ದು ಬರೀ ಮರ್ಯಾದೆಗೆ ಎಂದು ಒಂದೇ ಉಸಿರಿಗೆ ಹೇಳಿದೆ.

ಅವರ ಮುಖ ಕಿವಿಯವರೆಗೂ ಕೆಂಪಾಯಿತು. "ನಾನು ದಿನಾ ಇನ್ನೊಮ್ಮೆ ಕೇಳಬೇಕು ಅಂದುಕೊಳ್ಳುತ್ತಿದ್ದೆ. ಕೆಟಲ್ ಹತ್ತಿರ ಅದೇ ಮಾತು ಬಾಯಿಗೆ ಬರುತ್ತಿತ್ತು. ಆದರೆ ಒಮ್ಮೆ ಬೇಡ ಎಂದವರನ್ನು ಮತ್ತೆ ಕೇಳಿ ಮುಜುಗರ ಮಾಡಬಾರದು ಎಂದು ನನ್ನ ತಾಯಿ ಹೇಳಿಕೊಟ್ಟಿದ್ದರು" ಎಂದರು.

"ಒಮ್ಮೆ ಬೇಡ ಎಂದವರನ್ನು ಹಾಗೆಯೇ ಬಿಡಬಾರದು ಎಂದು ನಮ್ಮ ತಾಯಿ ಹೇಳಿಕೊಟ್ಟಿದ್ದರು" ಎಂದೆ.

ಇಬ್ಬರೂ ನಕ್ಕೆವು. ಅಷ್ಟು ವರ್ಷಗಳಲ್ಲಿ ಅವರು ಶಬ್ದ ಮಾಡಿ ನಕ್ಕಿದ್ದನ್ನು ನಾನು ಕೇಳಿದ್ದು ಆಗಲೇ. ಅವತ್ತೇ ಅರ್ಜಿ ಹಾಕಿದೆ, ಆಮೇಲೆ ಸಂದರ್ಶನ ನಡೆಯಿತು, ಹೊಸ ಟೈನ ಹುಡುಗನೂ ಚೆನ್ನಾಗಿ ಉತ್ತರ ಕೊಟ್ಟನಂತೆ, ಕೆಲಸ ನನಗೆ ಸಿಕ್ಕಿತು, ಆ ಕುರ್ಚಿಯಲ್ಲಿ ಕೂತು ಎಷ್ಟೋ ಚುನಾವಣೆ ಮಾಡಿಸಿದೆ. ಆದರೆ ಅದೆಲ್ಲಕ್ಕಿಂತ ನನಗೆ ನೆನಪಿರುವುದು ನಗು ನಿಂತ ಮೇಲಿನ ಕ್ಷಣ.

"ಹಾಗಾದರೆ ಈಗ ಇನ್ನೊಮ್ಮೆ ಕೇಳುತ್ತೇನೆ. ಈ ಕೆಲಸ ನಿಮಗೆ ಬೇಕೇ?" ಎಂದರು ಅವರು.

ನೋಡೋಣ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡೆ.

"ಬೇಕು" ಎಂದೆ, ಕನ್ನಡದಲ್ಲೇ. ಅವರು ಕಾಯುತ್ತಿದ್ದುದನ್ನು ನೋಡಿ ಇಂಗ್ಲಿಷಿನಲ್ಲೂ ಹೇಳಿದೆ, ತುಂಬಾ ಬೇಕು ಎಂದೆ. ನಲವತ್ತು ದಾಟಿದ ಹೆಂಗಸು ನಾನು, ಬೇಕಾದದ್ದನ್ನು ಬೇಕು ಎಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.