ಬೆಂಚಿನ ಹಿಂದಿನ ಗೋಡೆ

ಅವರ ಎಡಗಿವಿಯ ಹಾಲೆ ಎರಡಾಗಿ ಸೀಳಿತ್ತು. ಹಳೆಯ ಗಾಯ. ಎರಡು ತುಂಡುಗಳೂ ತಮ್ಮ ಪಾಡಿಗೆ ದುಂಡಗಾಗಿ ಮಾಗಿದ್ದವು. ಬಲಗಿವಿಯಲ್ಲಿ ಕೆಂಪು ಹರಳಿನ ಬೆಂಡೋಲೆ, ಎಡಗಿವಿ ಬೋಳು. ಮುಂಬಯಿ ಹತ್ತಿರದ ಡೊಂಬಿವಿಲಿಯ ಆ ಹಳೆಯ ಕಟ್ಟಡದ ಎರಡನೇ ಮಹಡಿಗೆ ನಾವು ಸಾಮಾನು ಏರಿಸಿದ ದಿನ ನನಗೆ ಮೊದಲು ಕಂಡದ್ದು ಆ ಕಿವಿಯೇ. ಎದುರುಮನೆಯ ಬಾಗಿಲು ಅರ್ಧ ತೆರೆದಿತ್ತು. ಹೊಸ್ತಿಲಿಗೆ ತಾಗಿಸಿಟ್ಟ ಕುರ್ಚಿಯಲ್ಲಿ ಕೂತು ಅವರು ಬಸಳೆ ಸೊಪ್ಪು ಬಿಡಿಸುತ್ತಿದ್ದರು.

ನಾನು ಗಂಡನಿಗೆ ಗದರುವುದು ಕೇಳಿ ತಲೆ ಎತ್ತಿದರು. "ಕನ್ನಡದವರಾ? ಒಳ್ಳೇದಾಯ್ತು. ಕಪಾಟು ಆ ಮೂಲೆಗೆ ಇಡ್ಬೇಡಿ ಮಾರಾಯ್ತಿ. ಬಾಗಿಲ ದಾರಿಗೆ ಅಡ್ಡ ಬರ್ತದೆ."

ಅದು ಅವರ ಸ್ವಭಾವದ ಮೊದಲ ಸೂಚನೆ ಎಂದು ಆಗ ನನಗೆ ತಿಳಿಯಲಿಲ್ಲ. ಉಡುಪಿ ಕಡೆಯವರು, ಮನೆಯಲ್ಲಿ ಆಡುವುದು ತುಳು. ಅಣ್ಣನ ಹೋಟೆಲು ಕಲ್ಯಾಣದಲ್ಲಿ ಸ್ಟೇಷನ್ ಹತ್ತಿರ ಇತ್ತು. ಗಂಡ ತೀರಿಕೊಂಡ ಮೇಲೆ ಬಹಳ ವರ್ಷ ಅಲ್ಲಿಯ ಗಲ್ಲೆಯಲ್ಲಿ ದುಡ್ಡು ಎಣಿಸುತ್ತ ಕೂತಿದ್ದರು. ಗಲ್ಲೆ ಬೀದಿಗೆ ಹತ್ತಿರ ಇದ್ದದ್ದರಿಂದಲೇ ಆ ಕೆಲಸ ಒಪ್ಪಿಕೊಂಡೆ ಎಂದು ಒಮ್ಮೆ ಹೇಳಿದ್ದರು. ನಾನು ತಮಾಷೆ ಎಂದುಕೊಂಡಿದ್ದೆ. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು.

ಅಕ್ಕನಷ್ಟು ಹೆದರುವ ಮನುಷ್ಯರನ್ನು ನಾನು ಬೇರೆ ಕಂಡಿಲ್ಲ. ರಸ್ತೆಯಲ್ಲಿ ಬಾಲ್ಕನಿಗಳ ಕೆಳಗೆ ನಡೆಯುತ್ತಿರಲಿಲ್ಲ. ರಿಕ್ಷಾದವರು ಹಾರ್ನ್ ಹೊಡೆದರೂ ನಡುರಸ್ತೆ ಬಿಡುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಬಾಗಿಲಿಗೆ ಹತ್ತಿರದ ಜಾಗವೇ ಬೇಕು. ಮಾತಾಡುತ್ತಲೇ ಅಂಗೈಯನ್ನು ಗೋಡೆಯ ಮೇಲೆ ಚಪ್ಪಟೆಯಾಗಿ ಇಟ್ಟುಬಿಡುತ್ತಿದ್ದರು, ಮಗುವಿನ ಜ್ವರ ನೋಡುವ ಹಾಗೆ. ಒಮ್ಮೆ ಗಣಪತಿ ಮೆರವಣಿಗೆಯ ಢೋಲಿಗೆ ಕಿಟಕಿ ಗಾಜು ಅದುರಿದಾಗ ತೊಟ್ಟ ನೈಟಿಯಲ್ಲೇ ಕೆಳಗಿಳಿದು ಗೇಟಿನ ಹೊರಗೆ ನಿಂತಿದ್ದರಂತೆ. ಅದನ್ನು ಹೇಳಿಕೊಂಡು ಇಡೀ ಸೊಸೈಟಿ ನಗುತ್ತಿತ್ತು. ಅಕ್ಕನೂ ನಗುತ್ತಿದ್ದರು. "ನಗ್ಲಿ. ಕೆಳಗೆ ನಿಂತು ನಗ್ಸಿಕೊಳ್ಳುದು ಒಳ್ಳೇದಲ್ಲವಾ?" ಎನ್ನುತ್ತಿದ್ದರು.

ನನಗೆ ಅಡುಗೆಮನೆಯಲ್ಲಿ ಒಂದು ಬೆಂಚು ಬೇಕಿತ್ತು. ನನ್ನ ಕೆಲಸ ಮಹಾಪೆಯಲ್ಲಿ, ಗಂಡನದು ರಬಾಳೆಯಲ್ಲಿ, ಮಗಳ ಶಾಲೆ ಬೆಳಗಿನ ಪಾಳಿ. ಮೂವರೂ ಮೂರು ಹೊತ್ತಿಗೆ ನಿಂತುಕೊಂಡೇ ತಿನ್ನುತ್ತಿದ್ದೆವು. ಊಟದ ಮೇಜು ಹಾಕಲು ಹಾಲಿನಲ್ಲಿ ಜಾಗವಿಲ್ಲ. ಆದರೆ ಅಡುಗೆಮನೆಯ ಕಿಟಕಿಯ ಪಕ್ಕ, ಕಟ್ಟಡದ ಕಂಬವೂ ಹೊರಗೋಡೆಯೂ ಸೇರುವಲ್ಲಿ ಒಂದು ಗೂಡಿನಂಥ ಮೂಲೆ ಇತ್ತು. ಅಲ್ಲಿ ಗೋಡೆಯಿಂದ ಗೋಡೆಗೆ ಒಂದು ಬೆಂಚು ಕೂರಿಸಿ, ಮುಂದೆ ಮಡಚುವ ಹಲಗೆ ಹಾಕಿದರೆ ಮೂವರೂ ಒಟ್ಟಿಗೆ ಕೂರಬಹುದು. ಬೆಂಚಿನ ಮುಚ್ಚಳ ಎತ್ತಿದರೆ ಒಳಗೆ ಅಕ್ಕಿ, ಬೇಳೆ. ಹಸಿ ಬಂದು ಬಣ್ಣ ಎದ್ದಿದ್ದ ಗೋಡೆಯೂ ಮುಚ್ಚಿಹೋಗುತ್ತದೆ. ಈ ಕೊನೆಯ ಲಾಭವೇ ನನಗೆ ಹೆಚ್ಚು ಹಿಡಿಸಿತ್ತು.

ಬಡಗಿ ಅಳತೆ ಹಿಡಿಯುತ್ತಿದ್ದಾಗ ಅಕ್ಕ ಕರಿಬೇವು ಕೊಡುವ ನೆಪದಲ್ಲಿ ಬಂದರು. ಮೂಲೆಗೆ ಹೋಗಿ ಅಂಗೈ ಇಟ್ಟರು. ಆಮೇಲೆ ಬೆರಳಿನ ಗೆಣ್ಣಿನಿಂದ ಕಂಬವನ್ನು ಬಡಿದರು. ಒಂದು ಕಡೆ ಗಟ್ಟಿ ಸದ್ದು, ಇನ್ನೊಂದು ಕಡೆ ಹಳೆಯ ಮಡಕೆಯ ಸದ್ದು.

"ಇದನ್ನು ಮುಚ್ಬೇಡ."

"ಬೆನ್ನಿಗೆ ಹಲಗೆ ಇಲ್ಲದೆ ಹೇಗೆ ಕೂರೋದು ಅಕ್ಕ? ಗೋಡೆ ಪುಡಿಪುಡಿ ಉದುರತ್ತೆ."

"ಉದುರುದು ಕಾಣ್ಬೇಕಲ್ಲ. ಅದಕ್ಕೇ ಹೇಳುದು."

ನನ್ನ ಗಂಡನಿಗೆ ಇದು ಸೇರಲಿಲ್ಲ. ಅಕ್ಕ ಹೋದ ಮೇಲೆ, "ನಮ್ಮ ಮನೆ ಬೆಂಚಿಗೂ ಅವರ ಪರ್ಮಿಷನ್ ಬೇಕಾ?" ಎಂದ. ನಾನು ನಡುವಿನ ದಾರಿ ಹಿಡಿದೆ. ಬೆನ್ನಿನ ಹಲಗೆಯನ್ನು ಗೋಡೆಗೆ ಹೊಡೆಯದೆ ಕೊಕ್ಕೆಗೆ ಸಿಕ್ಕಿಸುವಂತೆ ಮಾಡು ಎಂದು ಬಡಗಿಗೆ ಹೇಳಿದೆ. ಬೇಕಾದಾಗ ಎತ್ತಿ ತೆಗೆಯಬಹುದು.

ಬೆಂಚು ಚೆನ್ನಾಗಿ ಬಂತು. ತಿಳಿಹಸಿರು ಸನ್ಮೈಕಾ, ದುಂಡಗಿನ ಅಂಚು. ಎರಡು ಗೋಡೆಗಳ ನಡುವೆ ಉದ್ದಕ್ಕೂ ಕೂತ ಮುಚ್ಚಳ, ಬದಿಗೆ ಬೆರಳು ತೂರುವಷ್ಟು ಸಂದು. ಮಗಳು ಪುಸ್ತಕ, ಬಣ್ಣದ ಪೆನ್ಸಿಲು ಎಲ್ಲ ತಂದು ಅಲ್ಲೇ ಸಂಸಾರ ಹೂಡಿದಳು. ಭಾನುವಾರ ಮೂವರೂ ಒತ್ತಾಗಿ ಕೂತು ದೋಸೆ ತಿಂದೆವು.

ಅಕ್ಕ ಆ ಬೆಂಚಿನ ಮೇಲೆ ಕೂರಲೇ ಇಲ್ಲ. ಆದರೆ ಮೇಲಿಂದ ಮೇಲೆ ಬಂದು, "ಒಂಚೂರು ಏಳು ಬಾಲೆ" ಎಂದು ಮಗಳನ್ನು ಎಬ್ಬಿಸಿ, ಕೊಕ್ಕೆಯಿಂದ ಹಲಗೆ ಬಿಡಿಸಿ, ಗೋಡೆ ನೋಡುತ್ತಿದ್ದರು. ಕಂಬದ ಮೇಲೆ ಕೂದಲೆಳೆಯಂಥ ಬಿರುಕಿತ್ತು. ಅದು ಮುಗಿಯುವಲ್ಲಿ ಮಗಳ ಪೆನ್ಸಿಲಿನಿಂದ ಅಡ್ಡಗೆರೆ ಎಳೆದರು. ಮುಂದಿನ ಬಾರಿ ಬಂದಾಗ ಬಿರುಕು ಆ ಗೆರೆಯನ್ನು ದಾಟಿತ್ತು. ಇನ್ನೊಂದು ಗೆರೆ ಎಳೆದರು. ಮಳೆಗಾಲ ಹಿಡಿದುಕೊಂಡಾಗ ಅದನ್ನೂ ದಾಟಿತು.

ಹೆದರಿಕೆ ಹೀಗೆ ನನಗೂ ಅಂಟಿತು. ಕುಕ್ಕರ್ ಸೀಟಿ ಹೊಡೆದರೆ ಕಣ್ಣು ಕಂಬದ ಕಡೆ ಹೋಗುತ್ತಿತ್ತು. ಆಫೀಸಿನಲ್ಲಿ ಮೀಟಿಂಗ್ ನಡುವೆ, ಮಗಳು ಶಾಲೆಯಿಂದ ಬಂದು ಆ ಮೂಲೆಯಲ್ಲಿ ಒಬ್ಬಳೇ ಕೂತಿರುತ್ತಾಳೆ ಎಂದು ನೆನಪಾಗಿ ಮಾತಿನ ಎಳೆ ತಪ್ಪುತ್ತಿತ್ತು. ಸೊಸೈಟಿಯ ಚೇರ್ಮನ್ನರನ್ನು ಕರೆತಂದು ತೋರಿಸಿದೆ. ಸಭ್ಯ ಮನುಷ್ಯ. ಬಿರುಕಿನ ಮೇಲೆ ಬೆರಳಾಡಿಸಿ, "ಪ್ಲಾಸ್ಟರ್ ಹೈ ಭಾಭೀ. ಬಾರಿಶ್ ಕೇ ಬಾದ್ ಕರ್‌ ಲೇಂಗೇ" ಎಂದರು. ಬಿರುಕು ಬಿಟ್ಟದ್ದು ಬರೀ ಪ್ಲಾಸ್ಟರ್, ಮಳೆ ಮುಗಿದ ಮೇಲೆ ಮಾಡಿಸೋಣವಂತೆ. ಆ ಮಾತಿನಿಂದ ಸಮಾಧಾನವಾಗಲಿ ಎಂದು ನಾನು ಎಷ್ಟೋ ಪ್ರಯತ್ನಪಟ್ಟೆ, ಆಗಲಿಲ್ಲ.

ಕೊನೆಗೆ ಒಂದು ಸಂಜೆ ಅಕ್ಕನ ಮೇಲೆಯೇ ರೇಗಿದೆ. "ನೀವು ಬಂದು ಬಂದು ನೋಡಿ ನನ್ನ ನಿದ್ದೆ ಕೆಡಿಸಿದ್ದೀರಿ. ಯಾಕಕ್ಕ ಹೀಗೆ?"

ಅವರು ಸಿಟ್ಟಾಗಲಿಲ್ಲ. ಎಡಗಿವಿಯ ಸೀಳನ್ನು ಎರಡು ಬೆರಳಲ್ಲಿ ಹಿಡಿದುಕೊಂಡರು.

"ಇದು ಎಂತದು ಅಂತ ನೀನು ಕೇಳಲಿಲ್ಲ, ನಾನು ಹೇಳಲಿಲ್ಲ" ಎಂದರು. ಮದುವೆಯಾದ ಹೊಸತರಲ್ಲಿ ಠಾಣೆ ಊರಿನ ಒಂಟಿ ಕೋಣೆಗಳ ಒಂದು ಚಾಳಿನಲ್ಲಿದ್ದರಂತೆ, ಮೇಲಿನ ಸಾಲಿನ ಕೋಣೆ. ಒಂದು ಮಧ್ಯಾಹ್ನ ಗಂಡ ಕೆಲಸಕ್ಕೆ ಹೋಗಿದ್ದಾಗ ಸೂರಿನಿಂದ ಮಣ್ಣು ಉದುರಿತು, ಎಲ್ಲೋ ಮರ ಮುರಿದ ಹಾಗೆ ಕೇಳಿತು. ಇವರು ಓಡಿದರು. ಮೆಟ್ಟಿಲ ಕೊನೆಗೆ ಬರುವಾಗ ಹಿಂದಿನಿಂದ ಏನೋ ಬಂದು ಕಿವಿಗೆ ಬಡಿಯಿತು. ಓಲೆ ಕಿತ್ತುಕೊಂಡು ಹೋಯಿತು. ಹೊರಗೆ ನಿಂತು ತಿರುಗಿ ನೋಡಿದರೆ ಮೇಲಿನ ಸಾಲು ಇರಲಿಲ್ಲ.

"ಪಕ್ಕದ ಕೋಣೆಯಲ್ಲಿ ಒಬ್ಬಳು ಮಗು ಮಲಗಿಸ್ತಾ ಇದ್ದಳು. ದಿನಾ ನೀರಿಗೆ ನಾವಿಬ್ಬರೂ ಒಟ್ಟಿಗೆ ನಿಲ್ಲುದು. ಅವಳ ಬಾಗಿಲ ಎದುರಿಂದಲೇ ನಾನು ಓಡಿದ್ದು. ಬಡಿಯಲಿಲ್ಲ. ಒಂದು ಸಲ ಕೈ ಎತ್ತಿ ಬಡಿಯಲಿಕ್ಕೆ ಎಷ್ಟು ಹೊತ್ತು ಬೇಕು, ಹೇಳು." ಕಿವಿಯಿಂದ ಕೈ ತೆಗೆದರು. "ಹೆದರಿಕೆ ತಪ್ಪಲ್ಲ. ಅದು ನನ್ನನ್ನು ಉಳಿಸಿತು. ಆದರೆ ಒಬ್ಬಳನ್ನೇ ಉಳಿಸಿತು."

ನಾನು ಅವರಿಗೆ ಚಹಾ ಮಾಡಿಕೊಟ್ಟೆ. ಬಾಗಿಲ ಬಳಿ ನಿಂತೇ ಕುಡಿದು ಹೋದರು.

ಆಗಸ್ಟಿನ ಒಂದು ರಜಾದಿನ. ಗಂಡ ಸ್ನಾನಕ್ಕೆ ಹೋಗಿದ್ದ. ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಅಕ್ಕಿ ಬೇಕೆಂದು ಮಗಳಿಗೆ ಹೇಳಿದೆ. ಅವಳು ಮುಚ್ಚಳ ಎತ್ತಲು ಹೋಗಿ, "ಮಮ್ಮಾ, ಯೇ ಖುಲ್ ನಹೀ ರಹಾ" ಎಂದಳು.

ತೆರೆಯುತ್ತಿಲ್ಲವಂತೆ. ಹಿಂದಿನ ದಿನ ನಾನೇ ಒಂದು ಕೈಯಲ್ಲಿ ತೆಗೆದಿದ್ದೆ. ಮಳೆಗೆ ಮರ ಉಬ್ಬಿರಬೇಕು ಎಂದುಕೊಂಡು ಬಂದು ಎಳೆದೆ. ಕದಲಲಿಲ್ಲ. ಬದಿಯ ಸಂದಿಗೆ ಬೆರಳು ಹಾಕಲು ಹೋದೆ. ಸಂದು ಇರಲಿಲ್ಲ. ಕಂಬ ಬಂದು ಮುಚ್ಚಳದ ಅಂಚಿಗೆ ಕೂತಿತ್ತು. ತಿಳಿಹಸಿರು ಸನ್ಮೈಕಾ ಆ ಕೊನೆಯಲ್ಲಿ ಬಿಲ್ಲಿನಂತೆ ಬಾಗಿ ನಿಂತಿತ್ತು. ನಾನು ನೋಡುತ್ತಿದ್ದಂತೆಯೇ ಅದು ಟಿಕ್ ಎಂದು ಸಣ್ಣಗೆ ಸದ್ದು ಮಾಡಿತು.

ಕೈಯಲ್ಲಿ ಚಾಕು ಹಿಡಿದುಕೊಂಡೇ ಎದುರುಮನೆಗೆ ಹೋದೆ. ಅಕ್ಕ ಬಂದರು. ಮುಚ್ಚಳ ಮುಟ್ಟಿದರು, ಕಂಬ ಮುಟ್ಟಲಿಲ್ಲ. ಅವರ ಮುಖದ ಬಣ್ಣ ಹೋಯಿತು.

"ಗ್ಯಾಸ್ ಬಂದ್ ಮಾಡು. ಮಗೂನ ಎತ್ಕೋ. ಅವನನ್ನು ಹಾಗೇ ಟವೆಲಿನಲ್ಲೇ ಕರಿ. ಹೋಗುವ."

ನಾವು ಮೆಟ್ಟಿಲಿಗೆ ಬಂದೆವು. ಗಂಡ ಒದ್ದೆ ಮೈಮೇಲೆ ಅಂಗಿ ಎಳೆದುಕೊಂಡು, ನನ್ನ ಮುಖ ನೋಡಿ ಏನೂ ಕೇಳದೆ ಬಂದ. ಕೆಳಗೆ ಒಂದು ಸುತ್ತು ಇಳಿದು ತಿರುಗಿದೆ. ಅಕ್ಕ ಹಿಂದೆ ಇರಲಿಲ್ಲ. ನೋಡಿದರೆ ಅವರು ಮೇಲಕ್ಕೆ ಹತ್ತುತ್ತಿದ್ದರು. ಒಂದು ಕೈ ಕಟಕಟೆಯ ಮೇಲೆ, ಇನ್ನೊಂದರಿಂದ ಸೀರೆಯ ನೆರಿಗೆ ಹಿಡಿದು. ಪ್ರತಿ ಮೆಟ್ಟಿಲಿಗೂ ತಡವರಿಸುತ್ತಿದ್ದರು.

"ಅಕ್ಕ, ಕೆಳಗೆ" ಎಂದು ಕೂಗಿದೆ.

"ನೀನು ಕೆಳಗಿನದ್ದು ಬಡಿ" ಎಂದರು, ತಿರುಗದೆ.

ಬಾಗಿಲು ಬಡಿಯುವ ಸದ್ದು ಮೇಲಿನಿಂದ ಕೇಳತೊಡಗಿತು. ಮಗಳನ್ನು ಗಂಡನ ಕೈಗೆ ಕೊಟ್ಟು ನಾನೂ ಮೊದಲ ಮಹಡಿಯ, ನೆಲಮಹಡಿಯ ಬಾಗಿಲುಗಳನ್ನು ಬಡಿದೆ. ಏನು ಹೇಳಿದೆನೋ ನೆನಪಿಲ್ಲ. ಒಬ್ಬರು ಬಂದರು, ಒಬ್ಬರು ಬೈದರು. ಮೇಲಿನ ಮಹಡಿಯಲ್ಲಿ ಯಾರೋ ಹಿಂದಿಯಲ್ಲಿ, "ಈ ಮುದುಕಿಗೆ ಮತ್ತೆ ಶುರುವಾಯಿತು" ಎಂದದ್ದು ಕೇಳಿಸಿತು. ಅದಕ್ಕೆ ಅಕ್ಕನ ಉತ್ತರವೂ ಕೇಳಿಸಿತು. ಕೂಗಿರಲಿಲ್ಲ. "ಹಾಂ, ಪಾಗಲ್ ಹೂಂ. ನೀಚೇ ಚಲೋ, ಫಿರ್ ಹಸೋ." ಹುಚ್ಚಿಯೇ ಸರಿ, ಕೆಳಗೆ ಬಂದು ನಗಿ ಎಂದು.

ಜನ ಇಳಿದರು. ಕೊನೆಯಲ್ಲಿ ಅಕ್ಕ ಬಂದದ್ದು ನಾಲ್ಕನೇ ಮಹಡಿಯ ಮಂಡಿನೋವಿನ ಅಜ್ಜಿಯೊಬ್ಬರನ್ನು ತೋಳಿಗೆ ಆನಿಸಿಕೊಂಡು. ಆಕೆಯ ಮೊಮ್ಮಗ ಇನ್ನೊಂದು ಪಕ್ಕಕ್ಕೆ ಹಿಡಿದಿದ್ದ. ಅಜ್ಜಿ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು, ಅಕ್ಕ ಅವಸರಿಸಲಿಲ್ಲ. ಅಕ್ಕನ ದವಡೆ ಅದುರುತ್ತಿದ್ದದ್ದು ನನಗೆ ಕೆಳಗಿನಿಂದಲೇ ಕಾಣುತ್ತಿತ್ತು.

ಎಲ್ಲರೂ ಎದುರಿನ ಶಾಲೆಯ ಗೋಡೆಯ ಬಳಿ ಸೋನೆಮಳೆಯಲ್ಲಿ ನಿಂತೆವು. ಏನೂ ಆಗಲಿಲ್ಲ. ಹೊತ್ತು ಹೋಯಿತು. ಒಲೆಯ ಮೇಲೆ ಹಾಲಿದೆ ಎಂದು ಒಬ್ಬಾಕೆ, ಮೊಬೈಲ್ ಬಿಟ್ಟು ಬಂದೆ ಎಂದು ಒಬ್ಬ. ಗೊಣಗು ಜೋರಾಯಿತು. ಚೇರ್ಮನ್ನರು ಫೈರ್ ಬ್ರಿಗೇಡಿಗೆ ಫೋನು ಮಾಡಿದ್ದರು. ಅವರು ಬರುವ ಮೊದಲೇ ಇಬ್ಬರು ಮೇಲೆ ಹೋಗಲು ಹೊರಟರು. ಅಕ್ಕ ಗೇಟಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ತಲೆಯಿಂದ ನೀರು ಇಳಿಯುತ್ತಿತ್ತು, ಎರಡೂ ಕೈಯಿಂದ ಸರಳು ಹಿಡಿದಿದ್ದರು. ಅವರನ್ನು ಎಳೆದು ಹಾಕುವುದು ಯಾರಿಂದಲೂ ಆಗಲಿಲ್ಲ. ನಾನು ಹೋಗಿ ಅವರ ಪಕ್ಕ ನಿಂತೆ. ನಂಬಿಕೆಯಿಂದ ನಿಂತೆ ಎಂದು ಹೇಳಲಾರೆ. ಬೆಂಚಿನ ಆ ಟಿಕ್ ಸದ್ದು ಕಿವಿಯಲ್ಲಿತ್ತು, ಅಷ್ಟೇ.

ನಮ್ಮ ಅಡುಗೆಮನೆಯ ಕಿಟಕಿಯ ಗಾಜು ಮೊದಲು ಒಡೆಯಿತು. ಆಮೇಲೆ ಕಟ್ಟಡದ ಆ ಮೂಲೆ ಒಮ್ಮೆ ಕುಸಿದು ಕೂತಂತೆ ಮಾಡಿ, ಮೇಲಿನಿಂದ ಕೆಳತನಕ ಅಡುಗೆಮನೆಗಳ ಸಾಲೇ ಒಂದರ ಮೇಲೊಂದು ಇಳಿಯಿತು. ಸದ್ದಿಗಿಂತ ಮೊದಲು ಧೂಳು ಬಂದ ಹಾಗೆ ನನ್ನ ನೆನಪು. ಧೂಳು ಇಳಿದಾಗ ನಮ್ಮ ಹಾಲಿನ ಒಳಗೋಡೆ, ಅದರ ಮೇಲಿನ ಕ್ಯಾಲೆಂಡರು ಬೀದಿಗೆ ಕಾಣುತ್ತಿದ್ದವು. ಅಡುಗೆಮನೆ ಇರಬೇಕಾದಲ್ಲಿ ಆಕಾಶ ಇತ್ತು. ಮಗಳು ಬೆಳಗಿನಿಂದ ಕೂತು ಬಣ್ಣ ಹಚ್ಚುತ್ತಿದ್ದ ಜಾಗ.

ಜನ ತಮ್ಮ ತಮ್ಮವರನ್ನು ಎಣಿಸಿದರು, ಮತ್ತೆ ಎಣಿಸಿದರು. ಎಲ್ಲರೂ ಇದ್ದರು. ಅಕ್ಕ ಗೇಟಿನ ಬಳಿಯೇ ನೆಲದ ಮೇಲೆ ಕುಸಿದು ಕೂತಿದ್ದರು. ನಾನು ಹತ್ತಿರ ಹೋದಾಗ, "ನಾಲ್ಕನೆಯದರ ಕೊನೇ ಬಾಗಿಲು ಬಡಿದೆನಾ? ಬಡಿದೆ ಅಲ್ವಾ?" ಎಂದು ಕೇಳಿದರು. ಬಡಿದಿದ್ದೀರಿ ಎಂದೆ. ಎಷ್ಟು ಸಲ ಹೇಳಿದರೂ ಮತ್ತೆ ಕೇಳುತ್ತಿದ್ದರು.

ಆಮೇಲೆ ನಾವೆಲ್ಲ ಚೆಲ್ಲಾಪಿಲ್ಲಿಯಾದೆವು. ನಾವು ಘನ್ಸೋಳಿಯಲ್ಲಿ ಬಾಡಿಗೆ ಮನೆ ಹಿಡಿದೆವು. ಅಕ್ಕ ಅಂಬರನಾಥದಲ್ಲಿ ಅಣ್ಣನ ಮಗನ ಮನೆ ಸೇರಿದರು. ನೆಲಮಹಡಿ, ಹಿತ್ತಿಲಿನಲ್ಲಿ ಒಂದು ನುಗ್ಗೆಮರ. ಮೊದಮೊದಲು ಮಗಳು ರಾತ್ರಿ ಬೆಚ್ಚಿ ಏಳುತ್ತಿದ್ದಳು. ಅವಳ ಜೊತೆ ಫೋನಿನಲ್ಲಿ ಬಹಳ ಹೊತ್ತು ಮಾತಾಡುತ್ತಿದ್ದವರು ಅಕ್ಕನೇ. ಹೆದರಬೇಡ ಎಂದು ಅವಳಿಗೆ ಒಂದು ಸಲವೂ ಹೇಳಿದ್ದು ನಾನು ಕೇಳಲಿಲ್ಲ. ಕನಸಿನಲ್ಲಿ ಏನು ಕಂಡಿತು, ಎಲ್ಲಿ ಕಂಡಿತು, ಆಮೇಲೆ ನೀನು ಎಲ್ಲಿಗೆ ಓಡಿದೆ ಎಂದು ವಿಚಾರಿಸುತ್ತಿದ್ದರು.

ಕೆಲವು ವರ್ಷ ಕಳೆದ ಮೇಲೆ ಅವರ ಹೃದಯದ ಕವಾಟ ಕೈಕೊಟ್ಟಿತು. ಕಲ್ಯಾಣದ ಆಸ್ಪತ್ರೆಯಲ್ಲಿ ಆಪರೇಷನ್ ಎಂದು ತಿಳಿದು ರಜೆ ಹಾಕಿ ಹೋದೆ. ಹಸಿರು ಗೌನಿನಲ್ಲಿ ತುಂಬ ಚಿಕ್ಕವರಾಗಿ ಕಂಡರು. ಅಣ್ಣನ ಮಗ, ನರ್ಸು, ಡಾಕ್ಟರು ಎಲ್ಲರೂ ಬಂದು ಧೈರ್ಯ ಹೇಳಿ ಹೋದರು. ಎಲ್ಲರಿಗೂ ತಲೆ ಆಡಿಸಿದರು. ಕೋಣೆ ಖಾಲಿಯಾದ ಮೇಲೆ ನನ್ನ ಕೈ ಹಿಡಿದರು. ಅಂಗೈ ಐಸಿನ ಹಾಗಿತ್ತು.

"ನಂಗೆ ತುಂಬ ಹೆದರಿಕೆ ಆಗ್ತಾ ಉಂಟು" ಎಂದರು.

ಆ ಕೈಯನ್ನು ನನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡೆ.

"ನಂಗೂ ಆಗ್ತಿದೆ ಅಕ್ಕ" ಎಂದೆ.

ಅವರ ಭುಜ ಸ್ವಲ್ಪ ಸಡಿಲವಾಯಿತು. "ಹಾಗಾದ್ರೆ ಇಲ್ಲೇ ಕೂತ್ಕೋ" ಎಂದು ಮಂಚದ ಅಂಚಿಗೆ ಸರಿದು ಜಾಗ ಮಾಡಿಕೊಟ್ಟರು. ಕರೆದೊಯ್ಯಲು ಬರುವತನಕ ಹಾಗೇ ಕೂತಿದ್ದೆವು, ಕೈ ಬಿಡದೆ, ಇಬ್ಬರೂ ಹೆದರಿಕೊಂಡು. ಆಪರೇಷನ್ನಿನಿಂದ ಅವರು ಎಚ್ಚರಗೊಳ್ಳಲಿಲ್ಲ. ಅಂದು ಆ ಬೆಂಚಿನ ಮೂಲೆಯಿಂದ ಎದ್ದು ಬಂದ ನನ್ನ ಮಗಳು ಈಗ ನನ್ನಷ್ಟೇ ಎತ್ತರ.