ರಂಜಾನಿನಾಗ ಮರೆತ ಮುಂಜಾನಿ ಗುಳಿಗಿ

ನಮ್ಮ ಮುಸ್ಕಾನಳ ಗುಳಿಗಿ ಬಂದಾದವು. ಇವತ್ತು ಗದಗಿನ ಡಾಕ್ಟರು ಚೀಟಿ ಮೇಲೆ ಗೀಟು ಎಳೆದು, "ಇನ್ನ ಬ್ಯಾಡ್ರಿ ಅಮ್ಮಾ" ಅಂದರು. ಬಸ್ಸಿನಾಗ ಅಬ್ಬಿಗೇರಿ ದಾಟುವ ತನಕ ಹಿಂದಿನ ಸೀಟಿನವರಿಗೂ ಹೇಳಿದೆ. ಅವರೇನೂ ಕೇಳಿರಲಿಲ್ಲ. ಮೊಮ್ಮಗಳು ನಾಚಿಕೊಂಡು ನನ್ನ ಸೆರಗು ಜಗ್ಗಿದಳು. ಹೇಳದೆ ಹ್ಯಾಂಗ ಇರಲಿ?

ಕೂಸು ಮೊದಲ ಸಲ ಬಿದ್ದಾಗ ಸಾಲಿಯಾಗ ಎರಡನೇ ಇಯತ್ತೆ. ಅಂಗಳದಾಗ ಬಟ್ಟೆ ಒಣಹಾಕುತ್ತಿದ್ದೆ, ಕ್ಲಿಪ್ ಕೊಡುತ್ತ ನಿಂತಿದ್ದಳು. ಅವಳ ಕೈ ನಡುಗಿತು. ಕಣ್ಣು ಮೇಲೆ ಹೋದವು.

ಸ್ಕ್ಯಾನ್ ಆಯಿತು, ಇಇಜಿ ಆಯಿತು. ಮುಂಜಾನಿ ಒಂದು, ಸಂಜಿ ಒಂದು ಗುಳಿಗಿ. ಮೂರು ವರ್ಷ ಫಿಟ್ಸ್ ಬರದಿದ್ದರೆ ನಿಲ್ಲಿಸೋಣ ಅಂದರು.

ಸೊಸೆ ಶಬಾನಾ ಹೊಲಿಗಿ ಮಶೀನಿನ ಮುಂದೆ ಕೂತರೆ ಏಳುವಂತಿಲ್ಲ. ಕೂಸಿನ ಕೆಲಸ ನನ್ನದು. ನನಗೋ ಮರೆವು. ಮಗ ದಾವಲ ಗಜೇಂದ್ರಗಡದಾಗ ಮೊಬೈಲ್ ರಿಪೇರಿ ಮಾಡುವವನು. ಒಂದು ಮೊಬೈಲಿನಾಗ ಮನಿಯ ಕೆಲಸ ಎಲ್ಲ ಕನ್ನಡದಾಗ ಹಾಕಿ ಕೊಟ್ಟ. ನಾನು ಅಕ್ಷರ ಕೂಡಿಸಿ ಓದುವಾಕಿ. 'ಮುಂಜಾನಿ' ಒತ್ತಿದರೆ ಮುಂಜಾನಿಯ ಕೆಲಸ ಅಷ್ಟೇ: ನೀರು, ಚಾ, ಗುಳಿಗಿ, ಸಾಲಿ ಡಬ್ಬಿ. ಉಳಿದ ಹೊತ್ತಿನವು ಕಾಣುತ್ತಿರಲಿಲ್ಲ. ಕಾಣದ್ದರ ಚಿಂತಿ ಇಲ್ಲ. ತಲಿ ಹಗುರಾಯಿತು.

ಎರಡು ವರ್ಷ ಫಿಟ್ಸ್ ಬರಲಿಲ್ಲ. ಆಮೇಲೆ, ಆ ಮೊಬೈಲ್ ಕೈಗೆ ಬಂದ ಮೇಲಿನ ಮೊದಲ ರಂಜಾನ್ ಬಂತು.

ರಂಜಾನಿನಾಗ ನಾವು ಬೆಳಕು ಹರಿಯುವ ಮೊದಲೇ ಸಹ್ರಿ ಉಂಡು, ನಮಾಜ್ ಮುಗಿಸಿ ಮಲಗುವವರು. ಚಾ ಇಲ್ಲ, ನಾಷ್ಟಾ ಇಲ್ಲ. "ಮುಂಜಾನಿದು ಯಾಕ ಬೇಕೋ, ತೆಗಿ" ಎಂದು ದಾವಲನಿಗೆ ನಾನೇ ಹೇಳಿದೆ. ಅವನು ಸಹ್ರಿಗೊಂದು, ಸಂಜಿ ರೋಜಾ ಬಿಡುವ ಇಫ್ತಾರಿಗೊಂದು ಪಟ್ಟಿ ಮಾಡಿಕೊಟ್ಟ. ಸಂಜಿ ಗುಳಿಗಿ ಇಫ್ತಾರಿನಾಗ ಬಂತು. ಮುಂಜಾನಿ ಗುಳಿಗಿ ಮಾತ್ರ ತೆಗೆದ ಪಟ್ಟಿಯ ಜೊತೆಗೇ ಹೋಯಿತು. ಸಂಜಿದು ಕೊಟ್ಟು, ಎಲ್ಲಾ ಕೊಟ್ಟೆ ಅಂತ ತಿಳಿದೆ. ಕೂಸಿಗೆ ರೋಜಾದ ಉಪವಾಸ ಇರಲಿಲ್ಲ. ನಾವು ಮಲಗಿದಾಗ ತಾನೇ ಎದ್ದು, ಇದ್ದದ್ದು ಉಂಡು ಸಾಲಿಗೆ ಹೋಗುತ್ತಿದ್ದಳು.

ಸಾಲಿ ಮೈದಾನದಾಗ ಬಿದ್ದಳು.

ನಾಲಿಗಿ ಕಚ್ಚಿಕೊಂಡಿದ್ದಳು. ಡಾಕ್ಟರು ಬೈಯಲಿಲ್ಲ. "ಮೂರು ವರ್ಷ ಮತ್ತ ಮೊದಲಿಂದ ಆತ್ರಿ" ಅಂದರು, ಅಷ್ಟೇ. ಬೈದಿದ್ದರೆ ಚಲೋ ಇತ್ತು. ದಾವಲ ತನ್ನ ತಪ್ಪು ಅಂದ. ಶಬಾನಾ ಹಬ್ಬದ ಹೊಲಿಗಿ ನೆವದಾಗ ತಾನು ನೋಡಲಿಲ್ಲ ಎಂದು ಅತ್ತಳು. ತೆಗಿ ಅಂದಾಕಿ ಮಾತ್ರ ನಾನು. ಸವಾಬಿನ ಪುಣ್ಯ ಗಳಿಸಲು ದಿನವಿಡೀ ನನ್ನ ಬಾಯಿ ಕಟ್ಟಿದೆ, ಕೂಸಿನ ಬಾಯಿಗೆ ಒಂದು ಗುಳಿಗಿ ಹಾಕಲಿಲ್ಲ. ದೇವರು ಆ ರೋಜಾ ಒಪ್ಪಿದನೋ ಇಲ್ಲವೋ, ಕೇಳುವ ಧೈರ್ಯ ನನಗಿಲ್ಲ.

ಆಮೇಲೆ ಯಾವ ಹೊತ್ತು ಒತ್ತಿದರೂ ಗುಳಿಗಿಯೇ ಮೊದಲು ಕಾಣುವಂತೆ ದಾವಲ ಬದಲಿಸಿದ. ನಾನು ಕೊಟ್ಟು, ಶಬಾನಾಳ ಕಡೆ ಹೌದು ಅನ್ನಿಸಿಕೊಂಡ ಮೇಲೇ ಅದನ್ನು ಅಳಿಸುತ್ತಿದ್ದೆ. ಆದರೆ ಹೋದ ದಿನ ಬರುತ್ತಾವೇನು? ಕೂಸಿನ ಓರಗೆಯವರು ಸೈಕಲ್ ಕಲಿತರು, ಗುಡ್ಡ ಹತ್ತಿದರು. ಇವಳು ಹೊಸ್ತಿಲ ಮೇಲೆ ಕೂತು ನೋಡಿದಳು.

ಇನ್ನೂ ಸ್ವಲ್ಪ ದಿನ ಹುಷಾರಾಗಿರಬೇಕಂತೆ. ಇರುತ್ತೇವೆ.

ಸಂಜಿಗೆ ಶಬಾನಾ ಪಲಾವ್ ಮಾಡಿದಳು. ನೆಲದ ಮೇಲೆ ದಸ್ತರಖಾನ್ ಬಟ್ಟೆ ಹಾಸಿ ಎಲ್ಲರೂ ಕೂತೆವು. ನನಗೆ ತುತ್ತು ಏಳಲಿಲ್ಲ.

"ಬೇಟಿ, ನಿನ್ನ ಎರಡು ವರ್ಷ ನಾ ಹಾಳ ಮಾಡಿದೆ."

"ಹೌದ್ರಿ ದಾದಿ, ಮಾಡೀರಿ," ಅಂದಳು ಮುಸ್ಕಾನ, ತನ್ನ ತಾಟಿನ ಮಾಂಸ ಇದ್ದ ಎಲುಬು ನನ್ನ ತಾಟಿಗೆ ಹಾಕುತ್ತ. "ಈಗ ಉಣ್ರಿ, ಆರತೈತಿ."

ದಾವಲ ಬಾಯಿ ಮುಚ್ಚಿಕೊಂಡು ನಕ್ಕ. ಕೂಸು ಇಲ್ಲ ಬಿಡ್ರಿ ಅಂದಿದ್ದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಹೌದು ಅಂದಳು. ಉಂಡೆ.